ಹಳೆಯ ಪೇಪರಿನ ಕಟ್ಟು

ಜುಲೈ 21, ಸೋಮವಾರ

ಈ ನೋಟ್‌ಬುಕ್ ವ್ರೇನಿ ಅಜ್ಜಿ ಕೊಟ್ಟದ್ದು. ನಾನಿರುವ ಬಾಡಿಗೆ ಕೋಣೆ ಅವಳ ಮನೆಯದು. ಮೂವತ್ತೆಂಟು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತಳಾದವಳು. ಊಟಕ್ಕೆ ಕುಳಿತಾಗ ಮೇಜಿನ ಕೆಳಗೆ ನನ್ನ ಕಾಲು ಕುಣಿಯುತ್ತಲೇ ಇರುತ್ತದೆ, ಮೇಲೆ ಅವಳ ಲೋಟ ನಡುಗುತ್ತದೆ.

"ಕಾಲಲ್ಲಿರೋದನ್ನ ಕೈಗೆ ತಾ ಹುಡುಗಾ. ದಿನಾ ಏನಾದ್ರೂ ಬರಿ. ನನ್ನ ಲೋಟಗಳಾದ್ರೂ ಉಳೀತಾವೆ" ಅಂದಳು.

ಹತ್ತು ದಿನಕ್ಕಿಂತ ಹೆಚ್ಚು ಬರೆಯುತ್ತೇನೆಂಬ ನಂಬಿಕೆ ನನಗಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಕೊನೆಯವರೆಗೆ ಮುಗಿಸಿದ್ದು ಯಾವುದೂ ಇಲ್ಲ. ನಮ್ಮೂರು ಹಿಂಟರ್‌ಬ್ರುಗ್‌ನಲ್ಲಿ ಫ್ರಿಡ್ಲಿ ಮೇಸ್ತ್ರಿಯ ಹತ್ತಿರ ಬಡಗಿ ಕೆಲಸ ಕಲಿಯಲು ಸೇರಿ, ವಾರಕ್ಕೊಂದು ದಿನದ ಶಾಲೆಯನ್ನೂ ಕೆಲಸವನ್ನೂ ಎರಡನೇ ವರ್ಷದಲ್ಲಿ ಬಿಟ್ಟೆ. ಫುಟ್ಬಾಲ್ ಒಂದನ್ನು ಬಿಟ್ಟಿಲ್ಲ. ಜನವರಿಯಲ್ಲಿ ಇಲ್ಲಿ ರಾಯ್ಸಾವ್ ಕ್ಲಬ್ಬಿಗೆ ಬಂದೆ. ದೇಶದ ಎರಡನೇ ದರ್ಜೆಯ ತಂಡ. ನನ್ನದು ನಡುಮೈದಾನದ ಜಾಗ. ಆಗಸ್ಟ್ ಕೊನೆಯವರೆಗೆ ಪರೀಕ್ಷೆಯ ಒಪ್ಪಂದ. ಏಳು ತಿಂಗಳಲ್ಲಿ ಮೊದಲ ತಂಡಕ್ಕೆ ಆಡಿದ್ದು ಹದಿನಾಲ್ಕು ನಿಮಿಷ.

ಆಗಸ್ಟ್ 16ರಂದು ಸ್ವಿಸ್ ಕಪ್‌ನ ಮೊದಲ ಸುತ್ತು. ಕಪ್‌ನಲ್ಲಿ ಯಾವತ್ತೂ ಚಿಕ್ಕ ತಂಡದ ಊರಿಗೆ ದೊಡ್ಡ ತಂಡವೇ ಹೋಗಬೇಕು. ಚೀಟಿ ಎತ್ತಿದಾಗ ನಮಗೆ ಬಂದದ್ದು ಹಿಂಟರ್‌ಬ್ರುಗ್. ನನ್ನದೇ ಊರು. ದೇವರಿಗೂ ತಮಾಷೆ ಗೊತ್ತು.

ಜುಲೈ 27, ಭಾನುವಾರ

ಲೀಗಿನ ಮೊದಲ ಪಂದ್ಯ. ತೊಂಬತ್ತು ನಿಮಿಷವೂ ಬೆಂಚು. ನನ್ನ ಜಾಗದಲ್ಲಿ ಆಡಿದವನು ಲುವಾನ್. ಅವನ ಅಪ್ಪ ಅಮ್ಮ ಕೊಸೊವೊದಿಂದ ಬಂದವರು. ಅವನು ಇಲ್ಲೇ, ಈ ಮೈದಾನದ ಹಿಂದಿನ ಬೀದಿಯಲ್ಲಿ ಹುಟ್ಟಿದವನು. ಚೆನ್ನಾಗಿ ಆಡಿದ. ಬರೆಯಲು ಹೊಟ್ಟೆ ಉರಿಯುತ್ತಿದೆ, ಆದರೂ ಆಡಿದ್ದು ಚೆನ್ನಾಗಿಯೇ.

ಪಂದ್ಯ ಮುಗಿದ ಮೇಲೆ ಕೋಚ್ ಬೊಸ್ಸಾರ್ಟ್ ಕರೆದರು.

"ಸಿಟ್ಟು ಬಂದಿದೆಯಾ?"

"ಹೌದು ಕೋಚ್."

"ಬೇರೆ ಹುಡುಗ್ರು 'ಇಲ್ಲ ಕೋಚ್, ತಂಡ ಮುಖ್ಯ' ಅಂತಾರೆ."

"ಅವರು ಸುಳ್ಳು ಹೇಳ್ತಾರೆ."

ಅವರು ನಗಲಿಲ್ಲ. "ನೀನು ಚೆಂಡು ಬರೋದನ್ನಷ್ಟೇ ನೋಡ್ತಿ ಆಂದ್ರಿನ್. ನಡುವೆ ಆಡೋನು ಚೆಂಡು ಬರೋಕ್ಕಿಂತ ಮುಂಚೆ ಎರಡು ಸಲ ಹೆಗಲ ಹಿಂದೆ ನೋಡ್ಬೇಕು. ಅಲ್ಲಿ ಯಾರಿದ್ದಾರೆ, ಯಾರಿಗೆ ಏನು ಬೇಕು ಅಂತ. ಮುಂದೆ ಏನಿದೆ ಅನ್ನೋದು ಕುದುರೆಗೂ ಕಾಣುತ್ತೆ."

ಕುದುರೆ ಅಂದರು.

ಆಗಸ್ಟ್ 5, ಮಂಗಳವಾರ

ಫ್ರಿಡ್ಲಿ ಮೇಸ್ತ್ರಿ ಫೋನ್ ಮಾಡಿದ್ದರು. ಊರಿನ ಕ್ಲಬ್ಬಿನ ಕಾರ್ಯದರ್ಶಿಯೂ ಅವರೇ, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವರೂ ಅವರೇ. ಬಟ್ಟೆ ಬದಲಿಸುವ ಕೋಣೆಯ ಮಾಡು ಇನ್ನೂ ಸೋರುತ್ತಿದೆಯಂತೆ.

"ನಿಮ್ಮ ದೊಡ್ಡ ಮನುಷ್ಯರಿಗೆ ಹೇಳು, ಮಳೆ ಬಂದ್ರೆ ಒಳಗೂ ಕೊಡೆ ಹಿಡೀಬೇಕು ಅಂತ. ನಿಮ್ಮನ್ನ ಸೋಲಿಸಿ ಎರಡನೇ ಸುತ್ತಿಗೆ ಹೋದ್ರೆ ಯಾವುದಾದ್ರೂ ಭಾರೀ ತಂಡ ನಮ್ಮೂರಿಗೆ ಬರುತ್ತೆ. ಆ ಒಂದು ದಿನದ ಟಿಕೆಟ್ಟಲ್ಲಿ ಹೊಸ ಮಾಡು."

"ಸೋಲಿಸೋಕಾಗಲ್ಲ ಮೇಸ್ತ್ರೀ."

"ಗೊತ್ತು ಕಣೋ. ಮುದುಕ ಕನಸು ಕಂಡ್ರೆ ತಲೆ ಆಡಿಸ್ಬೇಕು, ಅಷ್ಟೂ ಕಲಿಲಿಲ್ವಾ ನೀನು?"

ಕೆಲಸ ಬಿಟ್ಟು ಬಂದದ್ದಕ್ಕೆ ಅವರು ನನ್ನನ್ನು ಒಂದು ಮಾತೂ ಬೈದಿಲ್ಲ. ನಾನು ಅರ್ಧಕ್ಕೆ ಬಿಟ್ಟ ಸ್ಟೂಲು ಅವರ ಕಾರ್ಖಾನೆಯ ಮೂಲೆಯಲ್ಲಿ ಹಾಗೇ ಇದೆ, ಮೂರು ಕಾಲಿನ ಮೇಲೆ, ಗೋಡೆಗೆ ಒರಗಿಕೊಂಡು. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು.

ಆಗಸ್ಟ್ 12, ಮಂಗಳವಾರ

ಶನಿವಾರ ನಾನು ಆಡುತ್ತೇನೆ! ಮೊದಲ ಹನ್ನೊಂದರಲ್ಲಿ!

ಅಭ್ಯಾಸ ಮುಗಿದ ಮೇಲೆ ಕೋಚ್ ಎಲ್ಲರ ಮುಂದೆ ಹೆಸರು ಓದಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇಪ್ಪತ್ತೊಂದಕ್ಕೆ ಆಡಳಿತದೋರು ಕೂರ್ತಾರೆ. ನಿನ್ನನ್ನ ಇಟ್ಕೊಳ್ಬೇಕಾ ಬೇಡ್ವಾ ಅಂತ ನನ್ನ ಕೇಳ್ತಾರೆ. ಶನಿವಾರ ನೋಡಿ ಹೇಳ್ತೀನಿ" ಅಂದರು. ಇದಕ್ಕಿಂತ ನೇರವಾಗಿ ಯಾರೂ ಹೇಳಲಾರರು.

ಲುವಾನ್ ಕುತ್ತಿಗೆಗೆ ಕೈ ಹಾಕಿ ಅಲುಗಾಡಿಸಿದ. "ಹೋಗು ಮಗಾ, ನಿಮ್ಮೂರಿನ ಹಸಿರು ಚೀಸು ವಾಸನೆ ನಿನಗೇ ಇರಲಿ. ನನಗೆ ರಜ." ಅವನ ಮುಖ ನೋಡಿದೆ. ಬೇಸರ ಆಗಿತ್ತು. ಆದರೂ ಅಂದ.

ತಡೆಯಲಾರದೆ ಮೇಸ್ತ್ರಿಗೆ ಫೋನ್ ಮಾಡಿದೆ. "ಮೇಸ್ತ್ರೀ, ಶನಿವಾರ ನಾನೇ ಆಡೋದು, ಶುರುವಿಂದ."

ಆ ಕಡೆ ಗರಗಸ ನಿಂತಿತು. ಲೈನ್ ಕಟ್ಟಾಯಿತು ಅಂದುಕೊಂಡೆ.

"ಒಳ್ಳೇದು ಕಣೋ," ಅಂದರು ಕೊನೆಗೆ. "ಆಡು. ಚೆನ್ನಾಗಿ ಆಡು."

ಆಗಸ್ಟ್ 13, ಬುಧವಾರ

ನಾಳೆ ಈ ಊರಿನಲ್ಲಿ ಹಳೆಯ ಪೇಪರಿನ ದಿನ, ಮನೆಮನೆಯ ರದ್ದಿಯನ್ನು ಗಾಡಿ ಬಂದು ಒಯ್ಯುತ್ತದೆ. ಬೆಳಿಗ್ಗೆ ಏಳಕ್ಕೆ ಮೊದಲು ಎಲ್ಲರ ಬಾಗಿಲ ಮುಂದೆಯೂ ಕಟ್ಟು ಇರಬೇಕು. ಚೀಲದಲ್ಲಿ ತುಂಬಿದರೆ ಒಯ್ಯುವುದಿಲ್ಲ. ದಾರದಿಂದ ಅಡ್ಡ ಉದ್ದ ಬಿಗಿದಿರಬೇಕು. ವ್ರೇನಿ ಅಜ್ಜಿಯ ಬೆರಳಿಗೆ ಸಂಧಿವಾತ, ಕಟ್ಟುವುದು ನನ್ನ ಪಾಲಿಗೆ ಬಂತು. ಚಹಾದ ಹೊತ್ತಿಗೆ ಅಡುಗೆಮನೆಯ ನೆಲದ ಮೇಲೆ ಕುಳಿತು ಶುರು ಮಾಡಿದೆ.

"ಅರೆ, ಇಷ್ಟು ಬಿಗಿಯಾಗಿ ಎಲ್ಲಿ ಕಲಿತೆ?"

"ನಮ್ಮೂರಲ್ಲಿ ಪೇಪರ್ ಎತ್ತೋದು ಕ್ಲಬ್ಬಿನ ಮಕ್ಕಳೇ ಅಜ್ಜಿ. ಏಳು ವರ್ಷ ಗಾಡಿ ತಳ್ಳಿದ್ದೀನಿ. ಯಾರ ಮನೆ ಕಟ್ಟು ಹೇಗಿರುತ್ತೆ ಅಂತ ಕಣ್ಮುಚ್ಚಿ ಹೇಳ್ತೀನಿ." ಫ್ರಿಡ್ಲಿ ಮೇಸ್ತ್ರಿಯದು ಎಲ್ಲಕ್ಕಿಂತ ನೇರ. ಅವರು ಅಂದಂದಿನ ಪೇಪರನ್ನು ಅಂದೇ ಓದಿ, ಅಂಚಿಗೆ ಅಂಚು ಕೂಡಿಸಿ ರಾಶಿಯ ಮೇಲಿಡುತ್ತಾರೆ. ತಿಂಗಳ ಒಂದನೇ ತಾರೀಕು ಅಡಿಯಲ್ಲಿ, ಮೂವತ್ತು ಮೇಲೆ.

ಅಜ್ಜಿಯ ರಾಶಿ ಹಾಗಲ್ಲ. ಪದಬಂಧ ಮುಗಿಯದ ಪೇಪರನ್ನು ಅವಳು ಎಸೆಯುವುದಿಲ್ಲ, ವರ್ಷವಾದರೂ. ಹೋದ ಆಗಸ್ಟಿನದೊಂದು ಕೈಗೆ ಬಂತು. ಪದಬಂಧದ ಹಿಂದಿನ ಪುಟ ಕ್ರೀಡೆಯದು. ಮೂಲೆಯಲ್ಲಿ ನಾಲ್ಕು ಸಾಲು: ಕಪ್ ಮೊದಲ ಸುತ್ತು, ಹಿಂಟರ್‌ಬ್ರುಗ್‌ಗೆ ಸೋಲು, 74ನೇ ನಿಮಿಷದಲ್ಲಿ ಆಂದ್ರಿನ್ ಶ್ಟ್ರೈಫ್‌ಗೆ ಕೆಂಪು ಕಾರ್ಡ್.

ಆ ಪಂದ್ಯ ಮರೆತಿರಲಿಲ್ಲ. ಅವತ್ತು ನಮ್ಮ ಗೋಲಿನತ್ತ ಒಬ್ಬನೇ ಓಡುತ್ತಿದ್ದವನ ಅಂಗಿ ಎಳೆದಿದ್ದೆ. ರೆಫ್ರಿಗೆ ಸರಿಯಾಗಿ ಕಂಡಿರಲಿಲ್ಲ. "ಎಳೆದೆಯಾ?" ಎಂದು ಕೇಳಿದರು. "ಎಳೆದೆ" ಅಂದೆ. ನೋಡಲು ಬಂದಿದ್ದ ರಾಯ್ಸಾವ್‌ನವರು ನನ್ನನ್ನು ಗುರುತಿಟ್ಟುಕೊಂಡದ್ದು ಅಂದೇ.

ಮರೆತದ್ದು ಅದರ ಮುಂದಿನದು. ವಾರದ ನಂತರ ಫುಟ್ಬಾಲ್ ಸಂಘದಿಂದ ಕಾಗದ ಬಂದಿತ್ತು. ಮೇಸ್ತ್ರಿಯ ಕಾರ್ಖಾನೆಯಲ್ಲಿ, ಮರದ ಹೊಟ್ಟಿನ ನಡುವೆ, ನಾನು ಅದಕ್ಕೆ ಸಹಿ ಹಾಕಿದ್ದೆ. ಮುಂದಿನ ಒಂದು ಕಪ್ ಪಂದ್ಯಕ್ಕೆ ನಿಷೇಧ. ನಮ್ಮ ತಂಡ ಸೋತು ಹೊರಬಿದ್ದಿದ್ದರಿಂದ ಮುಂದಿನ ಪಂದ್ಯ ಇರಲೇ ಇಲ್ಲ. ಅದು ಹಾಗೇ ಉಳಿದಿದೆ. ಮುಂದಿನ ಕಪ್ ಪಂದ್ಯ ಅಂದರೆ ಶನಿವಾರದ್ದು.

ಇಲ್ಲಿನ ಕಚೇರಿಯಲ್ಲಿ ಲೀಗಿನ ಕಾರ್ಡುಗಳನ್ನಷ್ಟೇ ನೋಡಿದ್ದಾರೆ. ನನ್ನ ಹಳೆಯ ಕ್ಲಬ್ಬಿನ ಕಪ್ ಪಂದ್ಯ ಯಾರ ತಲೆಗೂ ಹೊಳೆದಿಲ್ಲ. ನಾನು ಆಡಿ, ಎದುರಿನವರು ದೂರು ಬರೆದರೆ, ಗೆದ್ದರೂ ನಮಗೆ ಸೋಲು. ಎದುರಿನವರು ಅಂದರೆ ಹಿಂಟರ್‌ಬ್ರುಗ್. ಕಾಗದ ಇರುವುದು ಮೇಸ್ತ್ರಿಯ ಬಳಿ. ಅವರಿಗೂ ಮರೆತಿರಬಹುದು.

ಹೇಳದಿದ್ದರೆ ಆಡುತ್ತೇನೆ. ಹೇಳಿದರೆ ಇಲ್ಲ. ಇಪ್ಪತ್ತೊಂದಕ್ಕೆ ಕೋಚ್ ಬಾಯಲ್ಲಿ ಹೇಳಲು ಏನೂ ಇರುವುದಿಲ್ಲ.

"ಯಾಕೋ, ದಾರ ಹಿಡ್ಕೊಂಡು ಧ್ಯಾನಕ್ಕೆ ಕೂತ್ಯಾ?" ಅಂದಳು ಅಜ್ಜಿ. ಪೇಪರ್ ತೋರಿಸಿ ಎಲ್ಲ ಹೇಳಿದೆ. ಕನ್ನಡಕ ಹಾಕಿಕೊಂಡು ನಾಲ್ಕು ಸಾಲನ್ನೂ ಓದಿದಳು. ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ಇದನ್ನ ಕಟ್ಟಿಗೆ ಹಾಕ್ಬೇಡ. ನಂದು ಇನ್ನೂ ಮೂರು ಪದ ಬಾಕಿ ಇದೆ" ಅಂದಳು.

ಆಗಸ್ಟ್ 14, ಗುರುವಾರ

ಹೇಳಿದೆ.

ಅಭ್ಯಾಸಕ್ಕೆ ಮೊದಲು, ಕೋಚ್ ಕೋಣೆಯಲ್ಲಿ. ಅವರು ಕಾಫಿ ಕೆಳಗಿಟ್ಟರು.

"ಇನ್ಯಾರಿಗೆ ಗೊತ್ತು?"

"ಹಿಂಟರ್‌ಬ್ರುಗ್‌ನ ಕಾರ್ಯದರ್ಶಿಗೆ ಗೊತ್ತಿರ್ಬೇಕು. ಗೊತ್ತಿಲ್ದೇನೂ ಇರಬಹುದು."

ಸಂಘಕ್ಕೆ ಫೋನ್ ಮಾಡಿದರು. ನಾನು ನಿಂತೇ ಇದ್ದೆ. ಐದು ನಿಮಿಷ. "ಸರಿ. ಹೌದು. ಸರಿ" ಅಂದು ಇಟ್ಟರು.

"ನಿಜ. ಆಡಿಸಿದ್ರೆ ನಾವು ಕಪ್ಪಿಂದ ಹೊರಗೆ." ಕಚೇರಿಯ ಕಡೆ ನೋಡಿ ಒಂದು ಕೆಟ್ಟ ಮಾತು ಆಡಿದರು, ಅದನ್ನು ಬರೆಯುವುದಿಲ್ಲ. ನನ್ನ ಕಡೆ ತಿರುಗಿ, "ನಿನ್ನ ಬಾಯಿಂದ ನಿನಗೆ ಒಳ್ಳೇದಾಗೋದು ಯಾವತ್ತೋ, ಕಾಣೆ. ಶನಿವಾರ ನಿನ್ನ ಆಟ ನೋಡೋಣ ಅಂತಿದ್ದೆ. ಇನ್ನು ನೋಡದೇ ಇರೋದರ ಬಗ್ಗೆ ಏನಂತ ಹೇಳ್ಲಿ ಅವರಿಗೆ?"

"ನೋಡಿಲ್ಲ ಅಂತ ಹೇಳಿ ಕೋಚ್."

ಹೊರಗೆ ಬಂದೆ. ಸಂತೋಷವೇನೂ ಆಗಲಿಲ್ಲ. ನಿಜ ಹೇಳಿದರೆ ಹಗುರವಾಗುತ್ತದೆ ಅನ್ನುತ್ತಾರಲ್ಲ, ಆ ಮಾತು ಸುಳ್ಳು.

ಸಂಜೆ ಮೇಸ್ತ್ರಿಗೆ ಫೋನಿನಲ್ಲಿ ಹೇಳಿದೆ. "ನಿಷೇಧವಾ? ಹೌದಲ್ಲ, ಏನೋ ಇತ್ತು. ನನಗೆಲ್ಲಿ ನೆನಪಿರುತ್ತೆ, ಅರವತ್ತೇಳಾಯ್ತು" ಅಂದರು. ಪಾಪ, ವಯಸ್ಸು ಅಂದುಕೊಂಡೆ.

ಆಗಸ್ಟ್ 16, ಶನಿವಾರ

ನಿಷೇಧವಿದ್ದವನು ತಂಡದ ಬೆಂಚಿನಲ್ಲೂ ಕೂರುವಂತಿಲ್ಲ. ಬಸ್ಸಿನಲ್ಲಿ ಲುವಾನ್ ಪಕ್ಕ ಕುಳಿತು ಒಂದು ವಿಷಯ ಹೇಳಿದೆ. ನಮ್ಮೂರಲ್ಲಿ ಬಿಸಿಲಿದ್ದ ದಿನ ಎರಡೂವರೆಗೆ ಸರೋವರದ ಕಡೆಯಿಂದ ಕಣಿವೆಯ ಗಾಳಿ ಏಳುತ್ತದೆ, ಗಡಿಯಾರವೇ ಬೇಡ. ದ್ವಿತೀಯಾರ್ಧದಲ್ಲಿ ಅದು ಬೆನ್ನಿಗೆ ಬರುವಂತೆ ನಮ್ಮೂರವರು ಬದಿ ಆರಿಸಿಕೊಳ್ಳುತ್ತಾರೆ. ಆಗ ಅವರ ಗೋಲ್‌ಕೀಪರ್ ಒದ್ದ ಚೆಂಡು ಎಲ್ಲರ ತಲೆಯ ಮೇಲೆ ಹಾರಿಹೋಗುತ್ತದೆ.

"ಗೋಲ್‌ಕೀಪರ್ ಒದೆಯೋಕೆ ಬಂದಾಗ ನೀನು ಹತ್ತು ಹೆಜ್ಜೆ ಹಿಂದೆ ನಿಲ್ಲು. ಚೆಂಡು ತಾನಾಗೇ ನಿನ್ನ ಹತ್ರ ಬರುತ್ತೆ. ಎತ್ತಿ ಆಡ್ಬೇಡ, ನೆಲದ ಮೇಲೇ ಇಡು."

ಲುವಾನ್ ನನ್ನನ್ನೇ ನೋಡಿದ. "ನಾನು ಚೆನ್ನಾಗಿ ಆಡಿದ್ರೆ ನಿನಗೆ ಜಾಗ ಇಲ್ಲ. ಗೊತ್ತು ತಾನೆ?"

"ಗೊತ್ತು."

"ಹುಚ್ಚು ನಿಂಗೆ."

ಮೈದಾನದ ಪಕ್ಕದ ಮರದ ಬೆಂಚಿನಲ್ಲಿ ಊರವರ ನಡುವೆ ಕುಳಿತೆ. ವ್ರೇನಿ ಅಜ್ಜಿಯೂ ರೈಲು ಹಿಡಿದು ಬಂದಿದ್ದಳು. ಎರಡೂವರೆಗೆ ಗಾಳಿ ಬಂತು. ದ್ವಿತೀಯಾರ್ಧದಲ್ಲಿ ಊರಿನ ಗೋಲ್‌ಕೀಪರ್ ಒದ್ದ ಚೆಂಡುಗಳೆಲ್ಲ ಲುವಾನ್ ಕಾಲಿಗೇ ಬಿದ್ದವು, ಒಂದಾದ ಮೇಲೊಂದು. ಅವುಗಳಲ್ಲಿ ಎರಡು ಗೋಲಾದವು. ಹಾಲಿನ ಡೈರಿಯ ಕಾಸ್ಪರ್ ನನ್ನ ಬೆನ್ನಿಗೊಂದು ಗುದ್ದಿದ.

"ಊರು ಬಿಟ್ಟೆ, ಕೆಲಸ ಬಿಟ್ಟೆ, ಸರಿ. ನಮ್ಮ ಗಾಳೀನೂ ಮಾರ್ಬಿಟ್ಯೇನೋ!"

"ಸಂಬಳ ಕೊಡೋದು ಅವರು ಕಾಸ್ಪರಣ್ಣ."

ಸುತ್ತಲಿದ್ದವರೆಲ್ಲ ನಕ್ಕರು. 3-1ಕ್ಕೆ ರಾಯ್ಸಾವ್ ಗೆದ್ದಿತು. ಊರವರು ಹೊಡೆದ ಒಂದು ಗೋಲಿಗೆ ನಾನು ಎದ್ದು ಕೂಗಿದೆ. ಕೋಚ್ ಆ ಕಡೆಯಿಂದ ನೋಡಿದರು. ನೋಡಲಿ.

ಮುಗಿದ ಮೇಲೆ ಎರಡೂ ತಂಡಕ್ಕೆ ಒಟ್ಟಿಗೆ ಊಟ. ಆಲೂಗಡ್ಡೆ, ಮ್ಯಾಕರೋನಿ, ಚೀಸು, ಮೇಲೆ ಕರಿದ ಈರುಳ್ಳಿ, ಪಕ್ಕಕ್ಕೆ ಸೇಬಿನ ಗೊಜ್ಜು. ಲುವಾನ್ ಮೂರು ಸಲ ಹಾಕಿಸಿಕೊಂಡ. ಮೇಸ್ತ್ರಿ ಬಡಿಸುತ್ತಿದ್ದರು. ನನ್ನ ತಟ್ಟೆಗೆ ಬಂದಾಗ ಈರುಳ್ಳಿ ಜಾಸ್ತಿ ಹಾಕಿದರು.

ಹಿಂದಿರುಗುವಾಗ ಅಜ್ಜಿ ಅಂದಳು: "ತೊಂಬತ್ತು ನಿಮಿಷ ನಿನ್ನ ಪಕ್ಕ ಕೂತಿದ್ದೆ. ಇವತ್ತು ಬೆಂಚು ಅಲುಗಾಡ್ಲಿಲ್ಲ."

ಬೆಂಚು ಯಾಕೆ ಅಲುಗಾಡಬೇಕು? ಮೇಸ್ತ್ರಿ ಮಾಡಿದ ಬೆಂಚು ಅದು.

ಆಗಸ್ಟ್ 17, ಭಾನುವಾರ

ಬಟ್ಟೆ ಒಗೆದು ಹಿಂದಿನ ಬಾಲ್ಕನಿಯಲ್ಲಿ ಹರವಿದೆ. ಭಾನುವಾರ ಒಗೆಯಬಾರದೆಂದು ಕೆಳಗಿನ ಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದರು. ಅವರ ಮಾತೇ ಸರಿ, ಇಲ್ಲಿ ಭಾನುವಾರ ಅಂದರೆ ಸದ್ದಿಲ್ಲದ ವಿಶ್ರಾಂತಿಯ ದಿನ. ಹೋಗಿ ಕ್ಷಮೆ ಕೇಳಿದೆ. ಹೆಂಗಸು ಗಾಬರಿಯಾಗಿ ಒಂದು ಕೇಕಿನ ತುಂಡು ಕೊಟ್ಟಳು.

ಆಗಸ್ಟ್ 21, ಗುರುವಾರ

ಆಡಳಿತದವರು ಕುಳಿತರು. ಕೋಚ್ ಹೊರಗೆ ಬಂದು ಹೇಳಿದರು.

"ಡಿಸೆಂಬರ್‌ವರೆಗೆ. ಅದಕ್ಕಿಂತ ಹೆಚ್ಚಿಗೆ ಒಪ್ಪಲಿಲ್ಲ."

"ನೀವು ಏನಂದ್ರಿ?"

"ನೋಡಿಲ್ಲ ಅಂದೆ. ನೀನೇ ಹೇಳ್ಕೊಟ್ಟೆಯಲ್ಲ." "ಲುವಾನ್ ನನಗೆ ಗಾಳಿ ವಿಷಯ ಹೇಳಿದ. ಕೇಳದೇ ಬಂದು ಹೇಳಿದ. ಅದನ್ನೂ ಅವರಿಗೆ ಹೇಳಿದೆ."

ನಾಲ್ಕು ತಿಂಗಳು. ಬೇರೆ ಯಾವಾಗಲಾದರೂ ಆಗಿದ್ದರೆ 'ಬರೀ ನಾಲ್ಕಾ' ಅನ್ನುತ್ತಿದ್ದೆ. ಸಹಿಯ ಕಾಗದದಲ್ಲಿ 'ಮುಗಿಸಿದ ಶಿಕ್ಷಣ' ಎಂಬ ಖಾಲಿ ಜಾಗವಿತ್ತು. 'ಮುಗಿಸಿಲ್ಲ' ಎಂದು ಬರೆದೆ. ಮನೆಗೆ ಬರುವಾಗ ಅಜ್ಜಿಗೆ ಅವಳಿಷ್ಟದ ಕಡಲೆಬೀಜದ ಬ್ರೆಡ್ಡು ತಂದೆ. ಲುವಾನ್‌ಗೂ ಒಂದು.

ಆಗಸ್ಟ್ 24, ಭಾನುವಾರ

ಲೀಗಿನ ಪಂದ್ಯ. ಹತ್ತೊಂಬತ್ತು ನಿಮಿಷ ಆಡಿದೆ, ಲುವಾನ್ ಪಕ್ಕದಲ್ಲೇ. ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಬಂದ ಚೆಂಡನ್ನು ಹತ್ತಿರ ಇದ್ದವನಿಗೆ ಕೊಟ್ಟೆ, ಅಷ್ಟೇ. ಗೆದ್ದೆವು.

ಕೋಚ್ ಬಂದು, "ಎಷ್ಟು ಸಲ ಹಿಂದೆ ನೋಡಿದೆ ಗೊತ್ತಾ?" ಅಂದರು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಬೆನ್ನು ತಟ್ಟಿ ಹೋದರು. ಕುದುರೆಯ ಮಾತು ಎತ್ತಲಿಲ್ಲ.

ಆಗಸ್ಟ್ 30, ಶನಿವಾರ

ಎರಡು ದಿನ ರಜ. ಊರಿಗೆ ಬಂದಿದ್ದೇನೆ. ಇವತ್ತು ಹಿಂಟರ್‌ಬ್ರುಗ್‌ನ ಪೇಪರಿನ ದಿನ. ಅಮ್ಮ ಮಲಗು ಅಂದರೂ ಕೇಳದೆ ಕ್ಲಬ್ಬಿನ ಮಕ್ಕಳ ಜೊತೆ ಗಾಡಿ ತಳ್ಳಲು ಹೋದೆ. ಮೇಲಿನ ಬೀದಿಯಿಂದ ಶುರು ಮಾಡಿ ಹೊಳೆಯ ತನಕ.

ಮೇಸ್ತ್ರಿಯ ಕಾರ್ಖಾನೆಯ ಬಾಗಿಲಲ್ಲಿ ಕಟ್ಟು ನೇರವಾಗಿ ನಿಂತಿತ್ತು. ಮಕ್ಕಳಲ್ಲೊಬ್ಬಳು ಅದನ್ನು ದಾರ ಹಿಡಿದು ಎತ್ತಿದಳು. ಹಾಗೆ ಎತ್ತಬಾರದು, ಅಡಿಗೆ ಕೈ ಕೊಡಬೇಕು. ಎಲ್ಲರೂ ಮೊದಲ ವರ್ಷ ಮಾಡುವ ತಪ್ಪು. ದಾರ ಜಾರಿ ಪೇಪರೆಲ್ಲ ಮೆಟ್ಟಿಲ ಮೇಲೆ ಹರಡಿತು. "ನೀವು ಮುಂದೆ ಹೋಗಿ, ನಾನು ಕಟ್ಟಿ ತರ್ತೀನಿ" ಅಂದೆ.

ಒಂದೊಂದಾಗಿ ತಾರೀಕಿನ ಪ್ರಕಾರವೇ ಜೋಡಿಸಿದೆ, ಮೇಸ್ತ್ರಿಯ ಕಟ್ಟಲ್ಲವೇ. ರಾಶಿಯ ನಡುವಿನ ಭಾಗ ಅಲುಗಾಡದೆ ಹಾಗೇ ಇತ್ತು. ಆಗಸ್ಟ್ ಹನ್ನೆರಡರ ಪೇಪರು. ಅದರ ಮೇಲೆ ಹದಿಮೂರರದು. ಎರಡರ ನಡುವಿನಿಂದ ಒಂದು ಬಿಳಿಯ ಅಂಚು ಇಣುಕುತ್ತಿತ್ತು. ಎಳೆದೆ.

ಸಂಘದ ಕಾಗದ. ಕೆಳಗೆ ನನ್ನ ಸಹಿ. 'ಮುಂದಿನ ಒಂದು ಕಪ್ ಪಂದ್ಯ' ಎಂಬಲ್ಲಿ ಬಡಗಿಯ ದಪ್ಪ ಪೆನ್ಸಿಲಿನಿಂದ ಗೆರೆ. ಪಕ್ಕದಲ್ಲಿ, ಅವರ ಕೈಬರಹದಲ್ಲಿ, 16/8.

ಹನ್ನೆರಡು, ಮಂಗಳವಾರ, ನಾನು ಫೋನ್ ಮಾಡಿದ ದಿನ. ಗರಗಸ ನಿಂತದ್ದು ಅದಕ್ಕೆ. ಅವರಿಗೆ ಎಲ್ಲವೂ ನೆನಪಿತ್ತು. ಹುಡುಕಿ, ಓದಿ, ಗೆರೆ ಎಳೆದು, ಅಂದಿನ ಪೇಪರಿನ ಮೇಲೆ ಇಟ್ಟುಬಿಟ್ಟಿದ್ದರು. ಮುಂಚೆಯೇ ಹೇಳಿದ್ದರೆ ನನ್ನ ಆಟ ಹೋಗುತ್ತಿತ್ತು. ಪಂದ್ಯವಾದ ಮೇಲೆ ದೂರು ಬರೆದಿದ್ದರೆ ಊರಿಗೆ ಎರಡನೇ ಸುತ್ತು, ಮಾಡು, ಎಲ್ಲ ಬರುತ್ತಿತ್ತು. ಎರಡನ್ನೂ ಮಾಡದಿರಲು ಕಾಗದವನ್ನು ರದ್ದಿಗೆ ಕಟ್ಟಿದ್ದರು.

"ಏನಾಯ್ತೋ?" ಮೇಸ್ತ್ರಿ ಒಳಗಿನಿಂದ ಬಾಗಿಲಿಗೆ ಬಂದರು. ಏಪ್ರನ್ ತುಂಬ ಹೊಟ್ಟು.

ನನ್ನ ಬಾಯಿ ನನಗೆ ಗೊತ್ತು. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳದೆ ಬಿಟ್ಟದ್ದಿಲ್ಲ, ರೆಫ್ರಿಗೂ ಬಿಟ್ಟಿಲ್ಲ. ಕಾಗದವನ್ನು ಹನ್ನೆರಡರ ಮೇಲೆ ಹಿಂದಿನಂತೆಯೇ ಇಟ್ಟೆ. ಅದರ ಮೇಲೆ ಹದಿಮೂರು, ಹದಿನಾಲ್ಕು, ಎಲ್ಲ. ದಾರ ಅಡ್ಡ ಹಾಕಿ, ಉದ್ದ ಹಾಕಿ, ಮೊಣಕಾಲು ಊರಿ ಬಿಗಿದೆ.

"ಏನಿಲ್ಲ ಮೇಸ್ತ್ರೀ. ದಾರ ಜಾರಿತ್ತು."

ಅವರು ಕಟ್ಟನ್ನು ನೋಡಿದರು, ಆಮೇಲೆ ನನ್ನನ್ನು. "ಗಂಟು ಮರೆತಿಲ್ಲ."

"ನೀವೇ ಕಲಿಸಿದ್ದು."

ಕಟ್ಟನ್ನು ಅಡಿಗೆ ಕೈ ಕೊಟ್ಟು ಎತ್ತಿ ಗಾಡಿಗೆ ಹಾಕಿದೆ. ಮಧ್ಯಾಹ್ನ ಮತ್ತೆ ಅವರ ಕಾರ್ಖಾನೆಗೆ ಹೋದೆ. ಮೂಲೆಯ ಸ್ಟೂಲನ್ನು ಬೆಳಕಿಗೆ ತಂದು ನಾಲ್ಕನೇ ಕಾಲಿಗೆ ಮರ ಕೇಳಿದೆ. ಬೀಚ್ ಮರದ ಒಂದು ತುಂಡು ಕೊಟ್ಟರು. ಎರಡೂವರೆಗೆ ಗಾಳಿ ಬಂದು ಹೊಟ್ಟನ್ನೆಲ್ಲ ಹಾರಿಸಿತು. ಐದಕ್ಕೆ ಕಾಲು ಕೂಡಿಸಿದೆ.

ಮೇಸ್ತ್ರಿ ಕೈಯಿಂದ ಒತ್ತಿ ನೋಡಿದರು. "ಅಲುಗಾಡುತ್ತೆ."

"ಹೂಂ. ಒಂದು ಕೂದಲಷ್ಟು ಗಿಡ್ಡ ಆಗಿದೆ."

"ಕೂತ್ಕೊಳ್ಳೋಕೆ ಸಾಕು" ಅಂದು ಅದರ ಮೇಲೆ ಕುಳಿತು ಪೈಪ್ ಹಚ್ಚಿದರು.

ಇದನ್ನು ಬರೆಯುವಷ್ಟರಲ್ಲಿ ಕೊನೆಯ ಪುಟ ತುಂಬಿತು. ಸೋಮವಾರ ಇನ್ನೊಂದು ನೋಟ್‌ಬುಕ್ ತರಬೇಕು.